ಮುನಿಯಣ್ಣ ಕಟ್ಟಿದ ಕೆಂಪು ಚೀಟಿ

ಮುನಿಯಣ್ಣನ ಬಲಗಿವಿಯ ಹಿಂದೆ ಒಂದು ಕಪ್ಪು ಕಲೆಯಿತ್ತು. ಹುಟ್ಟುಮಚ್ಚೆಯಲ್ಲ, ವೃತ್ತಿಮಚ್ಚೆ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಯಾವ ಯಂತ್ರ ನರಳಿದರೂ ಫಿಟ್ಟರ್ ಮುನಿಯಣ್ಣ ತನ್ನ ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿಗೂ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೂ ಒತ್ತಿ, ಕಣ್ಣು ಮುಚ್ಚಿ, ಪುರಾಣ ಕೇಳುವವನಂತೆ ಕೇಳುತ್ತಿದ್ದ. "ಒಂದು ಗುಂಡು ಸವೆದೈತೆ" ಎಂದನೆಂದರೆ, ಬಿಚ್ಚಿ ನೋಡಿದಾಗ ಸವೆದಿರುತ್ತಿದ್ದುದು ಒಂದೇ.

ಕೆಟ್ಟ ಯಂತ್ರಕ್ಕೆ ಅವನು ಕೆಂಪು ಚೀಟಿ ಕಟ್ಟುತ್ತಿದ್ದ. ಕಟ್ಟಿದವನೇ ಬಿಚ್ಚಬೇಕೆಂಬುದು ಕಾರ್ಖಾನೆಯ ಕಾನೂನು. ಮ್ಯಾನೇಜರ್ ಸಾಹೇಬರು ಒಮ್ಮೆ ಚೀಟಿ ಕಿತ್ತು ಯಂತ್ರ ಓಡಿಸಿದ್ದರು. ಅದರ ಚಕ್ರವೊಂದು ಅಪಾಯಿಂಟ್‌ಮೆಂಟ್ ಇಲ್ಲದೆ ಅವರ ಕೋಣೆಯ ಕಿಟಕಿಯಿಂದ ಒಳಬಂದಿತ್ತು. ಅಂದಿನಿಂದ ಸಾಹೇಬರು ಚೀಟಿಭಕ್ತರು.

ಎಪ್ಪತ್ತರ ದಶಕದ ಕೊನೆ. ನಾನು ಕಬ್ಬಿಣ ಕಡೆಯುವ ಲೇಥಿನ ಮುಂದೆ ಎಂಟು ಗಂಟೆ ನಿಲ್ಲುವ ಟರ್ನರ್. ಕಬಡ್ಡಿಯಲ್ಲಿ ಬಿದ್ದ ಮೇಲೆ ತೊಡೆಸಂದಿನಲ್ಲಿ ನೋವು. ಕುಕ್ಕರುಗಾಲಲ್ಲಿ ಕೂತು ಎದ್ದರೆ ಒಳಗೇನೋ ಸಿಕ್ಕಿಕೊಂಡು 'ಕಟಕ್' ಎನ್ನುತ್ತಿತ್ತು. ಕಾರ್ಖಾನೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಮೂಳೆ ಬಂಗಾರದ ಹಾಗಿದೆ. ಇದು ನೋವಲ್ಲ ಕಣಯ್ಯ, ನಾಟಕ" ಎಂದು, ಹೊಟ್ಟೆನೋವಿಗೂ ಕಣ್ಣುರಿಗೂ ಕೊಡುತ್ತಿದ್ದ ಅದೇ ಬಿಳಿ ಮಾತ್ರೆಯನ್ನು ದಯಪಾಲಿಸಿದರು. ಮ್ಯಾನೇಜರ್ ತೀರ್ಪಿತ್ತರು: ಸೋಮವಾರ ಲೇಥಿನ ಮುಂದೆ ನಿಲ್ಲು, ಇಲ್ಲವೇ ರಾಜೀನಾಮೆ ಬರೆ. ನನ್ನ ಮದುವೆ ನಿಶ್ಚಯವಾಗಿ ತಿಂಗಳಾಗಿತ್ತಷ್ಟೆ.

ಊಟದ ಬಿಡುವಿನಲ್ಲಿ ಮುನಿಯಣ್ಣ ನನ್ನನ್ನು ಕೆಲಸದ ಬೆಂಚಿನ ಮೇಲೆ ಮಲಗಿಸಿದ. ಸೊಂಟದ ಪಕ್ಕಕ್ಕೆ ಸ್ಕ್ರೂಡ್ರೈವರ್ ಒತ್ತಿ, ಮಂಡಿಯನ್ನು ಎದೆಯ ಕಡೆಗೆ ಮಡಿಸಿ, ಒಳಕ್ಕೆ ತಿರುಗಿಸಿದ. ಕಟಕ್! ನಾನು ಅರಚಿದೆ, ಅವನ ಮುಖದಲ್ಲಿ ತೃಪ್ತಿ ಅರಳಿತು.

"ಗುಂಡು ಸರ್ಯಾಗೈತೆ ಮಗಾ, ಬಟ್ಲೂ ಸರ್ಯಾಗೈತೆ. ಬಟ್ಲ ಅಂಚಿನಾಗೆ ಎಣ್ಣೆ ತಡೆಯೋ ಸೀಲ್ ಇರ್ತದಲ್ಲ, ಅದು ಅರಿದೈತೆ."

"ಮನುಷ್ಯರಿಗೂ ಸೀಲ್ ಇರುತ್ತಾ ಅಣ್ಣ?"

"ಕುರಿ ತೊಡೆ ಎಷ್ಟು ಬಿಡ್ಸಿಲ್ಲ ನಾನು! ಕುರಿಗೈತೆ ಅಂದ್ರೆ ನಿಂಗೂ ಐತೆ."

ಸೋಮವಾರ ಅವನು ನನ್ನ ಬೆಲ್ಟಿಗೆ ಕೆಂಪು ಚೀಟಿ ಕಟ್ಟಿ ಲೇಥಿನ ಪಕ್ಕ ನಿಲ್ಲಿಸಿದ. ಮ್ಯಾನೇಜರ್ ಬಂದರು; ಹಿಂದೆಯೇ ಡಾಕ್ಟರು.

"ಎಕ್ಸ್‌ರೇಲಿ ಏನೂ ಇಲ್ಲ ಕಣ್ರೀ!" ಎಂದರು ಡಾಕ್ಟರು.

"ಸೀಲು ಫೋಟೋದಾಗೆ ಬೀಳಾಕಿಲ್ಲ ಸಾರ್. ಅಂಗಂತ ಎಣ್ಣೆ ಸೋರೋದು ಬಿಡ್ತದಾ? ಕೂತು ಮಾಡೋ ಕೆಲ್ಸ ಕೊಡಿ. ಕುಕ್ಕರುಗಾಲು ಬ್ಯಾಡ, ಓಟ ಬ್ಯಾಡ."

ಮ್ಯಾನೇಜರ್ ಚೀಟಿಯನ್ನೊಮ್ಮೆ, ತಮ್ಮ ಕಿಟಕಿಯ ಹೊಸ ಗಾಜನ್ನೊಮ್ಮೆ ನೋಡಿದರು. ಮಧ್ಯಾಹ್ನದೊಳಗೆ ನಾನು ತಪಾಸಣೆ ವಿಭಾಗದಲ್ಲಿ, ಸ್ಟೂಲಿನ ಮೇಲೆ ಆಸೀನನಾಗಿದ್ದೆ.

ನೋವು ಇಳಿಯಿತು, ಹೋಗಲಿಲ್ಲ. ಪ್ರತಿ ಆಯುಧಪೂಜೆಗೆ ಯಂತ್ರಗಳಿಗೆಲ್ಲ ಕುಂಕುಮ ಇಟ್ಟ ಮೇಲೆ ಮುನಿಯಣ್ಣ ನನ್ನ ಸೊಂಟವನ್ನೂ ಆಲಿಸುತ್ತಿದ್ದ. "ಇನ್ನೂ ಸದ್ದೈತೆ. ಚೀಟಿ ಇರ್ಲಿ."

ಅವನು ನಿವೃತ್ತನಾದ ಮೇಲೆ ಒಮ್ಮೆ ರಾಜಗೋಪಾಲನಗರದ ಅವನ ಮನೆಗೆ ಹೋಗಿದ್ದೆ. ಕಾರ್ಖಾನೆಯ ಗದ್ದಲ ಅವನ ಕಿವಿಗಳನ್ನು ತಿಂದುಹಾಕಿತ್ತು, ಮಾತಾಡಿಸಬೇಕಾದರೆ ಕೂಗಬೇಕಿತ್ತು. ಆದರೂ ನನ್ನನ್ನು ಚಾಪೆಯ ಮೇಲೆ ಮಲಗಿಸಿ, ಅಂಗಿಯ ಮೇಲೆಯೇ ಸ್ಕ್ರೂಡ್ರೈವರ್ ಒತ್ತಿ ಮಂಡಿ ತಿರುಗಿಸಿದ. ಕಟಕ್ ಎಂದಿತು. ನನಗೆ ಕೇಳಿಸಿತು.

"ಸದ್ದೇ ಇಲ್ಲ ಮಗಾ! ವಾಸಿ ಆಗೋಯ್ತು!" ಅವನ ಕಣ್ಣು ತುಂಬಿತು. "ಎಲ್ಲಿ, ಚೀಟಿ ಬಿಚ್ತೀನಿ."

ಅದು ಅವನ ಮೊದಲ ತಪ್ಪು ತೀರ್ಪು. ಅದನ್ನು ಜಾರಿಗೆ ತರಲು ನನಗೆ ಮನಸ್ಸಾಗಲಿಲ್ಲ.

"ಬೇರೆ ಬೆಲ್ಟ್ ಹಾಕ್ಕೊಂಡು ಬಂದಿದೀನಿ ಅಣ್ಣ!" ಎಂದು ಕೂಗಿ, ಚೀಟಿ ಕಾಣದಂತೆ ಅಂಗಿಯನ್ನು ಕೆಳಗೆಳೆದುಕೊಂಡೆ.

ಮುಂದಿನ ಆಯುಧಪೂಜೆಗೆ ಅವನಿರಲಿಲ್ಲ. ಆ ಬೆಲ್ಟು ಈಗ ನನ್ನ ಸೊಂಟಕ್ಕೆ ಸಾಲದು. ಚೀಟಿ ಮಾತ್ರ ಅದರಲ್ಲೇ ಇದೆ, ಕಟ್ಟಿದವನೇ ಬಿಚ್ಚಬೇಕು.