ಮುಪ್ಪು ಬೇಕೆಂದು ಹಟ ಹಿಡಿದ ಅಕ್ಕೋರು

ಮೊನ್ನೆ ಅಡುಗೆಮನೆಯ ಕಪಾಟು ಸರಿಸಿದಾಗ ಹಲ್ಲಿಯೊಂದು ಬಾಲ ಕಳಚಿಟ್ಟು ಓಡಿತು. ಬಾಲದ ತುಂಡು ನೆಲದ ಮೇಲೆ ಒಂದೇ ಸಮನೆ ಒದ್ದಾಡುತ್ತಿತ್ತು. ಮಗಳು ಚೀರಿಕೊಂಡು ಹೊರಗೆ ಓಡಿದಳು. ನಾನು ಮಾತ್ರ ಕಸಬರಿಗೆ ಹಿಡಿದು ಅಲ್ಲೇ ನಿಂತೆ. ಇಳಕಲ್ಲಿನ ನಮ್ಮ ಓಣಿ, ಗಂಜಿ ಹಾಕಿದ ನೂಲಿನ ವಾಸನೆ, ಅಕ್ಕೋರ ಮನೆಯ ಪಡಸಾಲೆ... ಎಲ್ಲ ಒಮ್ಮೆಲೇ ನೆನಪಾದವು.

ಅಕ್ಕೋರು ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಪಡಸಾಲೆಯ ಒಂದು ಬದಿಗೆ ಅವರ ಅತ್ತೆ ಸೀರೆ ನೇಯುತ್ತಿದ್ದರು, ಇನ್ನೊಂದು ಬದಿಗೆ ನಾವು ಓಣಿಯ ಹುಡುಗಿಯರು ಕೂತು ಪಾಠ ಹೇಳಿಸಿಕೊಳ್ಳುತ್ತಿದ್ದೆವು. ಒಂದು ಸಂಜೆ ಗೋಡೆಯಿಂದ ಹೀಗೆಯೇ ಒಂದು ಬಾಲ ಬಿತ್ತು.

"ಹಲ್ಲಿಗೆ ಬಾಲ ಮತ್ತ ಬರ್ತೈತಿ, ನಮಗ್ಯಾಕ ಬೆರಳು ಬರೂದಿಲ್ರಿ ಅಕ್ಕೋರ?" ಎಂದು ಕೇಳಿದೆ.

ಉತ್ತರ ಹೇಳುವ ಬದಲು ಅವರು ಅತ್ತೆಯ ಮಗ್ಗದ ಕಡೆ ಕೈ ತೋರಿಸಿದರು. ಆಗಷ್ಟೇ ಒಂದು ಎಳೆ ಹರಿದಿತ್ತು. ಅತ್ತೆ ಲಾಳಿ ಬಿಟ್ಟು, ಬೆರಳು ಒದ್ದೆ ಮಾಡಿಕೊಂಡು, ಹರಿದದ್ದನ್ನು ಹೊಸೆದು ಕೂಡಿಸುತ್ತಿದ್ದರು. ಎಳೆ ಕೂಡುವವರೆಗೆ ನೇಯ್ಗೆ ಮುಂದೆ ಹೋಗುವಂತಿಲ್ಲ. ನಮ್ಮ ಜೀವಕೋಶವೂ ಹಾಗೆಯೇ ಎಂದರು ಅಕ್ಕೋರು. ಒಂದು ಎರಡಾಗುವ ಮೊದಲು ತನ್ನೊಳಗೆ ಏನಾದರೂ ಕೆಟ್ಟಿದೆಯೇ ಎಂದು ನೋಡಿಕೊಳ್ಳುತ್ತದೆ. ಕೆಟ್ಟಿದ್ದರೆ ನಿಂತು ಸರಿಮಾಡಿಕೊಳ್ಳುತ್ತದೆ. ಸರಿಹೋಗದಿದ್ದರೆ ಸಾಯುತ್ತದೆ, ಇಲ್ಲವೇ ಬದುಕಿದ್ದೂ ಇನ್ನೆಂದೂ ಎರಡಾಗದೆ ಮುದಿಯಾಗಿ ಕೂರುತ್ತದೆ. ಹಾಗೆ ಕೂತ ಕೋಶಗಳು ಹೆಚ್ಚಾದಂತೆ ಗಾಯ ಮಾಯುವುದು ತಡವಾಗುತ್ತದೆ, ಮೈಗೆ ಮುಪ್ಪು ಬರುತ್ತದೆ.

"ನಮ್ಮ ಮೈ ಭಾಳ ಹುಷಾರಿ. ಹಲ್ಲಿ ಹಂಗ ಬೆಳಿಯಾಕ ಬಿಡೂದಿಲ್ಲ, ಅದೂ ಒಂದು ಕಾರಣ. ನಿಲ್ಲೂದು ಮರತ ಕೋಶಾನ ಕ್ಯಾನ್ಸರ್ ಗಡ್ಡಿ ಆಗ್ತೈತಿ, ತಿಳೀತಿಲ್ಲೋ?"

ಅದನ್ನು ಹೇಳುವಾಗಲೇ ಅವರ ಎದೆಯಲ್ಲಿ ಗಡ್ಡೆ ಬೆಳೆಯುತ್ತಿತ್ತೋ ಏನೋ... ಮರುವರ್ಷ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಔಷಧಿಯ ಕಾವಿಗೆ ಕೂದಲೆಲ್ಲ ಉದುರಿತು. ತಲೆತುಂಬ ಸೆರಗು ಹೊದ್ದು ಮನೆಯಲ್ಲಿರಲು ಓಣಿಯ ಹೆಂಗಸರು ಬುದ್ಧಿ ಹೇಳಿದರು. ಅಕ್ಕೋರು ಬೋಳು ತಲೆಯಲ್ಲೇ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನಡುಬಜಾರಿನಲ್ಲಿ ಹಾದು ಶಾಲೆಗೆ ಹೋದರು. ನೋಡುವವರು ನೋಡಿ ದಣಿಯಲಿ ಎಂಬ ನಡಿಗೆ ಅದು. ಅವರ ಹಿಂದೆ ನಡೆಯುವಾಗ ನನಗೂ ಎದೆ ಉಬ್ಬುತ್ತಿತ್ತು.

ಹುನಗುಂದದಲ್ಲಿದ್ದ ಅವರ ಗಂಡನ ಅಣ್ಣ ಒಂದು ದಿನ ಬಾಟಲಿಯೊಂದನ್ನು ಹಿಡಿದು ಬಂದರು. ಕೂಡಲಸಂಗಮಕ್ಕೆ ಹೋದಾಗ ಯಾರೋ ಔಷಧಿ ಮಾರುವವನು ಕೊಟ್ಟದ್ದು. ಪಾಪ, ಕೆಟ್ಟ ಮನುಷ್ಯರಲ್ಲ, ಕಣ್ಣಲ್ಲಿ ನೀರಿತ್ತು.

"ಇದನ್ನ ಕುಡಿ ತಂಗಿ. ಮೈಯೆಲ್ಲಾ ಹರೇದ್ದಾಗ್ತೈತಂತ. ಮುಪ್ಪ ಬರೂದಿಲ್ಲಂತ."

ಅಕ್ಕೋರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ತಿರುಗಿ ಅವರ ಕೈಗೇ ಇಟ್ಟರು.

"ಮುಪ್ಪು ಬರಲಾರದ್ದು ಒಂದು ನನ್ನೊಳಗ ಆಗಲೇ ಬಂದಿತ್ರಿ ಭಾವಾರ. ಅದನ್ನ ಕೊಯ್ಸಿ ಒಗದು ಬಂದೇನಿ. ನನಗ ಹರೇ ಬ್ಯಾಡ. ನಾ ಮುದುಕಿ ಆಗಬೇಕು. ನಮ್ಮತ್ತಿ ಹಂಗ ಹಲ್ಲ ಉದುರಿ, ಬೆನ್ನ ಬಾಗಿ, ಎಲ್ಲಾರಿಗೂ ಬೈಕೋತ ಕುಂಡ್ರಬೇಕು."

"ನಾ ಯಾರಿಗೆ ಬೈದೇನವಾ?" ಎಂದು ಅತ್ತೆ ಮಗ್ಗದಿಂದಲೇ ಗದರಿದರು. ಅಳುತ್ತಿದ್ದ ಭಾವನವರೂ ನಕ್ಕುಬಿಟ್ಟರು.

ಮುಂದೆ ಕೂದಲು ಮತ್ತೆ ಬಂತು, ಅರ್ಧಕ್ಕರ್ಧ ಬಿಳಿ. ಬಣ್ಣ ಹಚ್ಚಿಕೊಳ್ಳಿ ಎಂದವರಿಗೆಲ್ಲ ಅವರದು ಒಂದೇ ಜವಾಬು: "ದುಡದು ಗಳಿಸೇನಿ. ಮುಚ್ಚಿಡಾಕ ಕದ್ದ ಮಾಲೇನು?"

ಕೆಲವು ವರ್ಷ ಹಾಗೆ ಹಟದಿಂದಲೇ ಪಾಠ ಹೇಳಿದರು. ಆಮೇಲೆ ಗಡ್ಡೆ ತಿರುಗಿ ಬಂತು, ಈ ಸಲ ಲಿವರಿನಲ್ಲಿ... ನಾನಾಗ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಓದುತ್ತಿದ್ದೆ. ಸುದ್ದಿ ತಿಳಿದು ಬಸ್ಸು ಹತ್ತಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರಿಗೆ ಐವತ್ತೂ ತುಂಬಿರಲಿಲ್ಲ. ಅತ್ತೆ ಮಗ್ಗದ ಮುಂದೆ ಕೂತೇ ಇದ್ದರು, ಕೈ ಮಾತ್ರ ಆಡುತ್ತಿರಲಿಲ್ಲ. ಜನ ಹರೆಯಕ್ಕೆ ಹಂಬಲಿಸುತ್ತಾರೆ. ಇವರು ಬಾಯಿಬಿಟ್ಟು ಮುಪ್ಪು ಕೇಳಿದ್ದರು, ಅದೂ ಸಿಗಲಿಲ್ಲ. ಆವತ್ತು ಬಂದ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಹಲ್ಲಿಯ ಬಾಲ ಕೊನೆಗೆ ಸುಮ್ಮನಾಯಿತು. ಗುಡಿಸಿ ಹೊರಗೆ ಹಾಕಿದೆ. ಹೋದ ವಾರ ಈಳಿಗೆಗೆ ಕೊಯ್ದುಕೊಂಡ ಬೆರಳು ಕಸಬರಿಗೆ ತಾಗಿ ಚುರುಗುಟ್ಟಿತು. ಹುಡುಗಿಯಾಗಿದ್ದಾಗ ಇಷ್ಟೊತ್ತಿಗೆ ಮಾಯ್ದು ಹೋಗಿರುತ್ತಿತ್ತು. ಒಳಗೆ ಬಂದ ಮಗಳು, ತಾನೇ ತಂದುಕೊಟ್ಟ ಕೂದಲಿನ ಬಣ್ಣದ ಡಬ್ಬಿ ಕನ್ನಡಿಯ ಮುಂದೆ ಹಾಗೆಯೇ ಬಿದ್ದಿರುವುದನ್ನು ನೋಡಿ ಮುಖ ಗಂಟಿಕ್ಕಿದಳು.

"ಹಚ್ಕೋಬೇ ಯವ್ವಾ, ಮುದುಕಿ ಕಂಡಂಗ ಕಾಣ್ತಿ."

"ಕಾಣ್ಲಿ ಬಿಡು," ಎಂದೆ. "ಇದನ್ನ ಬೇಡಿ ಸಿಗಲಾರದ ಹೋದವರು ನನಗ ಪಾಠಾ ಹೇಳ್ಯಾರ."