ನಜೀರನ ಕಡೆಯ ಬಾಗಿಲು

ಮೊನ್ನೆ ಅಟ್ಟದಿಂದ ಟೆಂಟಿನ ಸುರುಳಿ ಇಳಿಸಿ ಹಗ್ಗ ಬಿಚ್ಚಿದೆ ನೋಡಿ, ಮನೆಯೆಲ್ಲ ಮುಗ್ಗಲು ವಾಸನೆ. "ಅದೇನ್ರೀ, ಇಲಿ ಗಿಲಿ ಸತ್ತದಾ?" ಎಂದು ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. ಇಲಿಯಲ್ಲ. ಎರಡು ವರ್ಷದ ಹಿಂದೆ ನಾನೇ ಒದ್ದೆಯಾಗಿದ್ದಾಗಲೇ ಸುತ್ತಿಟ್ಟ ಕ್ಯಾನ್ವಾಸು. ಬೆರಳಿಟ್ಟು ಒತ್ತಿದರೆ ನೆನೆದ ಹಪ್ಪಳದಂತೆ ತೂತಾಯಿತು.

ಅದನ್ನು ಹೊಲಿದವನು ನಜೀರ, ಹೈಸ್ಕೂಲಿನಿಂದ ನನ್ನ ಗೆಳೆಯ. ನಾನು ಮೇಷ್ಟ್ರಾಗಿ ಚಾಮರಾಜನಗರ ಸೇರಿದೆ. ಅವನು ಗುಂಡ್ಲುಪೇಟೆಯಲ್ಲಿ ಲಾರಿಗಳಿಗೆ ಟಾರ್ಪಾಲು ಹೊಲಿಯುವ ಅಪ್ಪನ ಅಂಗಡಿಯಲ್ಲಿ ಮಿಷನ್ನಿಗೆ ಕೂತ. ಐವತ್ತು ದಾಟಿದ ಮೇಲೆ ನಮ್ಮಿಬ್ಬರಿಗೂ ಒಂದು ಹುಚ್ಚು ಹತ್ತಿತು. ಭೀಮನಬೀಡಿನ ನಮ್ಮ ಜಮೀನಿನ ಬದುವಿನಲ್ಲಿ ಟೆಂಟು ಹಾಕಿ ಮಲಗುವುದು! ಬೇಸಿಗೆ, ಸೋನೆ, ಧನುರ್ಮಾಸದ ಚಳಿ, ಯಾವುದಕ್ಕೂ ರಜೆಯಿಲ್ಲ. ಮನೆಯವರು ನಗುತ್ತಿದ್ದರು. ನಗಲಿ ಬಿಡಿ.

ಮೊದಲು ನಾನು ಫೋನಿನಲ್ಲಿ ನೋಡಿ ಒಂದು ತೆಳ್ಳನೆಯ ನೀಲಿ ಟೆಂಟು ತರಿಸಿದ್ದೆ. ಆಷಾಢದ ಗಾಳಿಗೆ ಅದು ಪಕ್ಕದವರ ಅರಿಶಿನದ ಹೊಲಕ್ಕೆ ಹಾರಿತು. ಪಂಚೆ ಎತ್ತಿ ಕಟ್ಟಿಕೊಂಡು ಅದರ ಹಿಂದೆ ನಾನು. ನಜೀರ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಲ್ಲಾ ಕಾಲಕ್ಕೂ ತಡೀಬೇಕು ಅಂದ್ರೆ ತೂಕ ಇರ್ಬೇಕು ಕಣ್ಲಾ. ನಾನೇ ಒಂದು ಮಾಡ್ಕೊಡ್ತೀನಿ ಬುಡು."

ಅವನ ಲೆಕ್ಕಾಚಾರ ಬಿಗಿ. ದಪ್ಪ ಹತ್ತಿಯ ಕ್ಯಾನ್ವಾಸು, ಜೋಡಿ ಹೊಲಿಗೆ, ದಾರಕ್ಕೆ ಮೇಣ. ಹೊಲಿದಾದ ಮೇಲೆ ಮೂರು ಸಲ ನೆನೆಸಿ ಒಣಗಿಸಬೇಕು, ಆಗ ದಾರ ಊದಿ ಸೂಜಿಯ ತೂತು ಮುಚ್ಚುತ್ತದೆ. ಬಾಗಿಲು ಒಂದೇ ಇರಬೇಕು. ಇನ್ನೊಂದು ಇಟ್ಟರೆ ನೀರನ್ನು ಒಳಗೆ ಕರೆದಂತೆ. ಇಷ್ಟೆಲ್ಲ ಪಾಠ ಹೇಳಿದವನು ತಂದ ಟೆಂಟಿಗೆ ಎರಡು ಬಾಗಿಲು!

"ಇದ್ಯಾಕೋ?" ಎಂದೆ.

"ಬೆಳಿಗ್ಗೆ ನಮಾಜಿಗೆ ನಾನು ಏಳ್ಬೇಕಲ್ಲ. ಒಂದೇ ಬಾಗ್ಲಾದ್ರೆ ನಿನ್ನ ದಾಟ್ಕೊಂಡು ಓಗ್ಬೇಕು. ನಿದ್ದೆ ಕೆಟ್ರೆ ನೀನು ಮನುಷ್ಯನಾ?"

ಮಾತು ನಿಜ. ನಿದ್ದೆಯಲ್ಲಿ ಎಬ್ಬಿಸಿದವರನ್ನು ನಾನು ಹರಿದು ತಿನ್ನುತ್ತೇನೆ. ಮಳೆ ಬಂದಾಗಲೆಲ್ಲ ಆ ಎರಡನೇ ಬಾಗಿಲಿನಿಂದ, ಅವನ ಕಡೆಯಿಂದ, ನೀರು ಜಿನುಗುತ್ತಿತ್ತು. ಬೆಳಿಗ್ಗೆ ಅವನು ಹೊದಿಕೆಯ ಅಂಚು ಹಿಂಡುವುದನ್ನು ಮಲಗಿದ್ದಲ್ಲಿಂದಲೇ ನೋಡಿದ್ದೇನೆ. ಇವತ್ತು ಈ ಕಡೆ ನೀನು ಮಲಗು ಎಂದು ನಾನು ಒಂದು ದಿನವೂ ಹೇಳಲಿಲ್ಲ. ಈಗ ನೆನೆದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಹೊರಡುವಾಗ ಅವನದು ಇನ್ನೊಂದು ಶಾಸ್ತ್ರ. ಟೆಂಟನ್ನು ಬಿಸಿಲಿಗೆ ಹರವಿ, ಒಂದೊಂದು ಹೊಲಿಗೆಗೂ ಕೆನ್ನೆ ಒತ್ತಿ ನೋಡುವುದು. ಕೈಗೆ ತಿಳಿಯದ ತೇವ ಕೆನ್ನೆಗೆ ತಿಳಿಯುತ್ತದಂತೆ. ನಾನು ಚೀಲ ಹೆಗಲಿಗೇರಿಸಿ, "ಬಸ್ಸು ಹೋಗ್ತದೋ, ಬೇಗ ಸುತ್ತೋ" ಎಂದು ರೇಗುತ್ತಿದ್ದೆ. "ಒದ್ದೆ ಸುತ್ತಿದ್ರೆ ಕೊಳ್ತೋಯ್ತದೆ ಕಣ್ಲಾ. ತಡ್ಕೊ," ಎನ್ನುತ್ತಿದ್ದ.

ಎರಡು ವರ್ಷದ ಹಿಂದೆ, ಸೋನೆ ಹಿಡಿದಿದ್ದ ಒಂದು ಬೆಳಿಗ್ಗೆ, ತನ್ನ ಬಾಗಿಲಿನಿಂದ ನಮಾಜಿಗೆ ಹೋದವನು ಎದೆ ಹಿಡಿದುಕೊಂಡು ಬಂದ. ಆಸ್ಪತ್ರೆಯಲ್ಲಿ ಮೂರನೆಯ ದಿನ ಹೋಗಿಬಿಟ್ಟ. ಮಣ್ಣು ಮಾಡಿ ಬಂದ ಮೇಲೆ ನಾನು ಜಮೀನಿಗೆ ಹೋದೆ. ಟೆಂಟು ಮಳೆಯಲ್ಲಿ ಹಾಗೆಯೇ ನಿಂತಿತ್ತು. ಒಳಗೆ ಇಣುಕುವ ಧೈರ್ಯ ಬರಲಿಲ್ಲ. ಗೂಟ ಕಿತ್ತು, ಸುತ್ತಿ, ತಂದು ಅಟ್ಟಕ್ಕೆಸೆದೆ. ಕೊಳೆಯುತ್ತದೆಂದು ಗೊತ್ತಿತ್ತು. ಬಿಚ್ಚಿದರೆ ಅವನ ಜಾಗ ಖಾಲಿ ಕಾಣುತ್ತದೆಂಬ ಭಯ.

ಮೊನ್ನೆ ಅದನ್ನು ಹೊತ್ತು ಗುಂಡ್ಲುಪೇಟೆಗೆ ಹೋದೆ. ಈಗ ಮಿಷನ್ನಿನಲ್ಲಿ ಕೂರುವುದು ಅವನ ಮಗಳು ರಿಹಾನಾ. ಬಟ್ಟೆಯನ್ನು ಮುಟ್ಟಿ ನೋಡಿ, "ಒಣಗಿಸ್ದೆ ಇಟ್ಬುಟ್ರಾ ಚಾಚಾ?" ಎಂದಳು. ನಾನು ತಲೆ ತಗ್ಗಿಸಿದೆ.

"ಬಟ್ಟೆ ಹೋಗ್ಬುಟ್ಟದೆ. ಅಬ್ಬಾನ ಹೊಲಿಗೆ ಮಾತ್ರ ಗಟ್ಟಿಯಾಗೇ ಅದೆ. ಇದೇ ಅಳತೆಗೆ ಹೊಸದು ಮಾಡ್ಕೊಡ್ತೀನಿ." ಅಳತೆಯ ಟೇಪು ಎತ್ತಿಕೊಂಡು ಕೇಳಿದಳು: "ಬಾಗ್ಲು ಎರಡು ಇಡನಾ, ಒಂದಾ?"

ಎರಡು ಎನ್ನಲು ಬಾಯಿ ತೆರೆದೆ.

"ಒಂದೇ ಸಾಕು ಕಣಮ್ಮ. ಒಬ್ನೇ ಅಲ್ವಾ ಮಲಗೋದು."

ಎರಡು ವರ್ಷದಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ರಿಹಾನಾ ಕಣ್ಣೊರೆಸಿಕೊಂಡು ಹಳೆಯದನ್ನು ಸುತ್ತಲು ಬಗ್ಗಿದಳು. ಬೇಡ ಎಂದೆ. ಇಬ್ಬರೂ ಹಿಡಿದು ಅಂಗಡಿಯ ಮುಂದೆ ಬಿಸಿಲಿಗೆ ಹರವಿದೆವು. ಮೊಣಕಾಲೂರಿ, ಅವನ ಕಡೆಯ ಬಾಗಿಲಿನ ಹೊಲಿಗೆಗೆ ಕೆನ್ನೆ ಒತ್ತಿದೆ. ಇನ್ನೂ ತಣ್ಣಗಿತ್ತು. ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಚಾಮರಾಜನಗರದ ಬಸ್ಸು ಒಂದು ಹೋಯಿತು, ಇನ್ನೊಂದೂ ಹೋಯಿತು. ನಾನು ಏಳಲಿಲ್ಲ.