ಸ್ಕ್ರೀನಿನಾಚೆ ಬಿದ್ದ ಬಟನ್ನು

ಬಟನ್ನು ಇತ್ತು, ಕಾಣುತ್ತಿರಲಿಲ್ಲ. ಇದಕ್ಕಿಂತ ಮೈ ಉರಿಸುವ ಸಂಗತಿ ಇನ್ನೊಂದಿಲ್ಲ. ಬೇಗೂರಿನ ಹೈವೇ ಪಕ್ಕದ ಪುಟ್ಟ ಜೆರಾಕ್ಸ್ ಅಂಗಡಿಯಲ್ಲಿ, ಭಾನುವಾರದ ಮಧ್ಯಾಹ್ನ, ಮಾನಿಟರಿನ ಕೆಳಗಿನ ಅಂಚನ್ನು ದುರುಗುಟ್ಟಿ ನೋಡುತ್ತ ಕೂತಿದ್ದೆ.

ಅಂಗಡಿ ನನ್ನಣ್ಣನದು. ಅವನು ತೀರಿಕೊಂಡ ಮೇಲೆ ಅತ್ತಿಗೆ ನಡೆಸುತ್ತಿದ್ದಾರೆ. ನಾನು ಚಾಮರಾಜನಗರದ ಶಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವವಳು. ಅಂಗಡಿಯ ಕಂಪ್ಯೂಟರ್ ಒಂದು ಫೈಲ್ ತೆರೆಯುವಷ್ಟರಲ್ಲಿ ಗಿರಾಕಿ ಎದ್ದು ಹೋಗುತ್ತಿದ್ದ. "ಹಳೇದನ್ನೆಲ್ಲ ಅಳಿಸಿ ಲಿನಕ್ಸ್ ಅಂತ ಬೇರೆ ಸಿಸ್ಟಮ್ ಹಾಕಿಬಿಡ್ತೀನಿ, ಪುಕ್ಕಟೆ ಸಿಗುತ್ತೆ, ಹಳೇ ಮಿಷನ್ನೂ ಓಡುತ್ತೆ" ಎಂದವಳು ನಾನೇ. "ಅಂಗಡೀದು ಏನೇನು ಬೇಕೋ ಪೆನ್‌ಡ್ರೈವಿಗೆ ಹಾಕ್ಕೊಳ್ಳಿ ಅತ್ಗೆ" ಎಂದು ಮುಂಚಿತವಾಗಿ ಹೇಳಿಯೂ ಇದ್ದೆ. ಅವರು ಅರ್ಜಿ ನಮೂನೆ, ಲಗ್ನಪತ್ರಿಕೆ ಎಲ್ಲ ತುಂಬಿಸಿಕೊಂಡು ಪೆನ್‌ಡ್ರೈವನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದರು.

ನಾನು ತಂದಿದ್ದ ಇನ್ನೊಂದು ಪೆನ್‌ಡ್ರೈವಿನಿಂದ ಹೊಸ ಸಿಸ್ಟಮ್ ಹಾಕಲು ಶುರು ಮಾಡಿದರೆ ಅಕ್ಷರಗಳು ಗೋಡೆಬರಹದ ಗಾತ್ರಕ್ಕೆ ಬಂದವು. ರೆಸಲ್ಯೂಷನ್, ಅಂದರೆ ಪರದೆಯ ಅಳತೆ, ತೀರ ಕಡಿಮೆ. ಪ್ರಶ್ನೆ ಕೇಳುವ ಚೌಕ ಪರದೆಯಲ್ಲಿ ಹಿಡಿಸದೆ ಕೆಳಭಾಗವೆಲ್ಲ ಆಚೆ ಬಿದ್ದಿತ್ತು. ಮುಂದಕ್ಕೆ ಹೋಗು, ಹಿಂದಕ್ಕೆ ಹೋಗು ಎನ್ನುವ ಬಟನ್ನುಗಳಿರುವುದೇ ಅಲ್ಲಿ. ಸೆಟ್ಟಿಂಗ್ಸಿಗೆ ಹೋದರೆ ದೊಡ್ಡ ಅಳತೆಯೇ ಪಟ್ಟಿಯಲ್ಲಿಲ್ಲ. "ಥೂ, ಏನು ಕರ್ಮ ಇದು!" ಎಂದು ಲಿನಕ್ಸ್ ಮಾಡಿದವರನ್ನೆಲ್ಲ ಬೈದೆ. ಆಮೇಲೆ ಕುರುಡಾಗಿ ಟ್ಯಾಬ್ ಒತ್ತುವುದು, ಎಂಟರ್ ಒತ್ತುವುದು, ಹೀಗೇ ಪುಟ ದಾಟಿಸಿಕೊಂಡು ಹೋದೆ. ಭಾಷೆ ಆಯಿತು, ಕೀಬೋರ್ಡ್ ಆಯಿತು, ಇಡೀ ಡಿಸ್ಕ್ ಅಳಿಸು ಎಂಬುದನ್ನೂ ಆರಿಸಿಯಾಯಿತು. ಕೊನೆಗೊಂದು ಎಚ್ಚರಿಕೆಯ ಚೌಕ ಬಂತು. ಮುಂದುವರಿದರೆ ಎಲ್ಲ ಅಳಿಸಿಹೋಗುತ್ತದೆ ಎನ್ನುವ ಸಾಲು ಮಾತ್ರ ಕಾಣುತ್ತಿತ್ತು.

ಎಂಟರ್ ಮೇಲೆ ಬೆರಳಿಟ್ಟಿದ್ದೆ. ಸ್ಟೂಲಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ ಅತ್ತಿಗೆ ಆಗ ಬಾಯಿ ತೆರೆದರು. ಅಣ್ಣ ಅವರನ್ನು ಅಮ್ಮಿ ಎನ್ನುತ್ತಿದ್ದ, ಅವರು ನನ್ನನ್ನು ಹಾಗೇ ಕರೆಯುತ್ತಾರೆ.

"ಅಮ್ಮಿ, ಇದೆಲ್ಲ ಆದ್ಮೇಲ ನಿಮ್ಮಣ್ಣ ಮಾತಾಡಿರೋದ ಒಂದ್ಸಲ ಹಾಕ್ಕೊಡು. ಎಲ್ಲಿ ಅದ ಅಂತ ನಂಗ ಗೊತ್ತಾಯ್ತಿಲ್ಲ."

"ಯಾವ ಮಾತು?"

"ಅದೇ ಕಣಮ್ಮಿ, ಆಟೋ ಮೈಕ್‌ಗ ಮಾತಾಡ್ತಿದ್ರಲ್ಲ, ಅವು."

ಎಂಟರ್ ಮೇಲಿಂದ ಬೆರಳು ಕಿತ್ತುಕೊಂಡೆ. ನಮ್ಮ ಕಡೆ ಹೊಸ ಅಂಗಡಿ ತೆರೆದರೂ, ಕಣ್ಣಿನ ಶಿಬಿರವಿದ್ದರೂ, ಯಾರಾದರೂ ತೀರಿಕೊಂಡರೂ ಆಟೋಗೆ ಮೈಕ್ ಕಟ್ಟಿ ಊರೂರು ಸುತ್ತಿಸುತ್ತಾರೆ. ಬೇಗೂರಿನಿಂದ ಭೀಮನಬೀಡಿನವರೆಗೆ ಎಷ್ಟೋ ಆಟೋಗಳಲ್ಲಿ ಕೂಗುತ್ತಿದ್ದದ್ದು ಅಣ್ಣನ ಗಂಟಲು. ಈ ಅಂಗಡಿಯಲ್ಲೇ ಕೂತು ರೆಕಾರ್ಡ್ ಮಾಡಿಕೊಡುತ್ತಿದ್ದ. ಮನೆಯಲ್ಲಿ ಅವನ ಫೋಟೋಗಳಿಗೇನೂ ಬರವಿಲ್ಲ. ಧ್ವನಿ ಇದ್ದದ್ದು ಇದೊಂದು ಡಿಸ್ಕಿನಲ್ಲಿ.

"ಅಯ್ಯೋ, ಮೊದಲೇ ಹೇಳಬಾರದಾ ಅತ್ಗೆ? ಪೆನ್‌ಡ್ರೈವಿಗೆ ಹಾಕ್ಕೊಳ್ಳಿ ಅಂತ ಬಡ್ಕೊಂಡೆನಲ್ಲ!"

"ನೀ ಅಂಗ್ಡೀದು ಅಂದೆ. ಅದು ಅಂಗ್ಡೀದ?" ಎಂದರು. ನನ್ನ ಮುಖ ನೋಡಿ ಅವರ ಕೈಯಲ್ಲಿದ್ದ ಕಡಲೆಕಾಯಿ ನಿಂತಿತು. "ಹೋಗ್ಬುಡ್ತದ?"

ಹಿಂದಕ್ಕೆ ಹೋಗಬೇಕು, ಆದರೆ ಹೇಗೆ? ಆ ಎರಡು ಬಟನ್ನುಗಳಲ್ಲಿ ನನ್ನ ಟ್ಯಾಬ್ ಯಾವುದರ ಮೇಲೆ ನಿಂತಿದೆಯೋ ದೇವರಿಗೇ ಗೊತ್ತು. ಡಿಸ್ಕ್ ಕೆಲಸ ಮಾಡುವಾಗ ಉರಿಯುವ ಸಿಪಿಯುವಿನ ಕೆಂಪು ದೀಪ ಬೇರೆ ಮಿಣುಕತೊಡಗಿತು. ಆಗಲೇ ಒತ್ತಿಬಿಟ್ಟೆನಾ? ಅಳಿಸುವುದು ಶುರುವಾಗಿದೆಯಾ? ನಡುವೆ ಕರೆಂಟ್ ತೆಗೆದರೆ ಇರುವುದೂ ಕೆಡಬಹುದು, ತೆಗೆಯದಿದ್ದರೆ ಪೂರ್ತಿ ಹೋಗಬಹುದು. ಭಯದಲ್ಲಿ ಕೀಬೋರ್ಡ್ ಮುಟ್ಟಲೂ ಧೈರ್ಯ ಬರಲಿಲ್ಲ. ಎದ್ದು ಗೋಡೆಯ ಸ್ವಿಚ್ ಆರಿಸಿಬಿಟ್ಟೆ. ಪರದೆ ಕಪ್ಪಾಯಿತು.

ಅತ್ತಿಗೆ ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ವಾಸಿಯಿತ್ತು. "ಸುಮ್ನಿರಮ್ಮಿ, ನೀ ಬೇಕಂತ ಮಾಡಿದ್ಯಾ" ಎಂದು ನನಗೇ ಸಮಾಧಾನ ಹೇಳಿದರು.

"ಈ ಹಾಳು ಅಕ್ಷರ ಇಷ್ಟು ದೊಡ್ಡದಾಗದೆ ಇದ್ದಿದ್ದರೆ..." ಎಂದು ಗೊಣಗಿದೆ.

"ಅದು ಇವತ್ತಿಂದಲ್ಲ ಕಣಮ್ಮಿ. ಆಯುಧಪೂಜೆಗ ವಯರೆಲ್ಲ ಕಿತ್ತು ಒರ್ಸಿ, ಇಬೂತಿ ಹಚ್ಚಿ ಮತ್ತ ಸಿಗ್ಸಿದ್ನಲ್ಲ, ಅವತ್ತಿಂದ ಹಂಗೇ ಅದ. ಕನ್ನಡಕ ಇಲ್ದೆ ಓದ್ಬೋದು, ಸ್ವಾಮಿನೇ ಕಣ್ಬುಟ್ಟ ಅಂದ್ಕಂಡೆ."

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಮಾನಿಟರಿನ ಹಿಂದಿನ ಕೇಬಲ್ ಕಿತ್ತು ನೋಡಿದೆ. ತಲೆಕೆಳಗಾಗಿ ಒತ್ತಿ ತುರುಕಿದ್ದರಿಂದ ತುದಿಯೊಳಗಿನ ಸೂಜಿಯಂಥ ಸಣ್ಣ ತಂತಿಯೊಂದು ಬಾಗಿ ಮಲಗಿತ್ತು. ಮಾನಿಟರ್ ತನ್ನ ಅಳತೆಯನ್ನು ಕಂಪ್ಯೂಟರಿಗೆ ಹೇಳುವುದು ಆ ತಂತಿಯಲ್ಲಿ. ಅದು ತಲುಪದಿದ್ದರೆ ಕಂಪ್ಯೂಟರ್ ತನಗೆ ತೋಚಿದ ಸಣ್ಣ ಅಳತೆ ಹಿಡಿದುಕೊಳ್ಳುತ್ತದೆ. ಅತ್ತಿಗೆ ಸೀರೆಯ ಪಿನ್ನು ಬಿಚ್ಚಿಕೊಟ್ಟರು. ಉಸಿರು ಬಿಗಿಹಿಡಿದು, ಮುರಿಯದ ಹಾಗೆ ತಂತಿಯನ್ನು ಎಬ್ಬಿಸಿ ನಿಲ್ಲಿಸಿದೆ.

ಮತ್ತೆ ಆನ್ ಮಾಡಿದಾಗ ಪರದೆ ಅಂಚಿನಿಂದ ಅಂಚಿಗೆ ತುಂಬಿಕೊಂಡಿತು. ಬಟನ್ನುಗಳು ತಾವಿರಬೇಕಾದ ಕಡೆ ಇದ್ದವು. ನನಗೀಗ ಅವು ಬೇಕಿರಲಿಲ್ಲ. ಲಿನಕ್ಸನ್ನು ಡಿಸ್ಕಿಗೆ ಹಾಕದೆ ನಾನು ತಂದ ಪೆನ್‌ಡ್ರೈವಿನಿಂದಲೇ ಓಡಿಸಿ ನೋಡುವ ದಾರಿಯೊಂದಿದೆ. ಹಾಗೆ ಒಳಗೆ ಹೋಗಿ ಹಳೆಯ ಡಿಸ್ಕನ್ನು ಕ್ಲಿಕ್ಕಿಸಿದೆ. ಏನೂ ಬರಲಿಲ್ಲ. ಚಕ್ರ ಸುತ್ತಿತು, ಸುತ್ತಿತು. ಅತ್ತಿಗೆ ನನ್ನ ಭುಜ ಹಿಡಿದುಕೊಂಡಿದ್ದರು, ಅವರ ಉಗುರು ಚುಚ್ಚುತ್ತಿತ್ತು.

ಫೋಲ್ಡರುಗಳು ಬಂದವು. "ಅನೌನ್ಸ್" ಎಂದು ಒಂದಿತ್ತು. ಅದರೊಳಗೆ ಎಲ್ಲವೂ ಇದ್ದವು. ನನಗೆ ಅಳು ಬಂದುಬಿಟ್ಟಿತು. ಮೊದಲು ಅತ್ತಿಗೆಯ ಸೆರಗಿನ ಗಂಟು ಬಿಚ್ಚಿಸಿ ಆ ಪೆನ್‌ಡ್ರೈವಿಗೆ ಎಲ್ಲವನ್ನೂ ಕಾಪಿ ಮಾಡಿದೆ, ನನ್ನ ಫೋನಿಗೂ ಹಾಕಿಕೊಂಡೆ. "ಸಾಕು ಬುಡಮ್ಮಿ, ಈಗ ಒಂದ ಹಾಕು" ಎಂದರು ಅತ್ತಿಗೆ.

ಕೈಗೆ ಸಿಕ್ಕಿದ್ದನ್ನು ಹಾಕಿದೆ. ಅದಿನ್ನೂ ಕತ್ತರಿಸಿ ಸರಿಮಾಡದ ಫೈಲು. ಮಹಾಜನಗಳೇ ಎಂದು ಶುರುವಾಗುವ ಮೊದಲೇ ಅಣ್ಣ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಕುರ್ಚಿ ಎಳೆದ ಸದ್ದು. ಆಮೇಲೆ, ನಮ್ಮ ಪಕ್ಕದಲ್ಲೇ ಕೂತವನ ಹಾಗೆ, "ಲೇ ಅಮ್ಮಿ, ಆ ಫ್ಯಾನ್ ಆಫ್ ಮಾಡು, ಗುಂಯ್ ಅಂತದ" ಎಂದ.

ಅತ್ತಿಗೆ ಎದ್ದು ಹೋಗಿ ಫ್ಯಾನ್ ಆಫ್ ಮಾಡಿದರು.